ಕುತ್ತಿಗೆ ಪಟ್ಟಿ: ಯಾವಾಗ ಬೇಕು, ಯಾವಾಗ ಬೇಡ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ ‘ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ಯುವಕರು’ ಎಂದಿತ್ತು. ಸಾಫ್ಟ್‌ವೇರ್ ಕೆಲಸ ಮಾಡುವವನು ಅದನ್ನೇ ಮಾತನಾಡಬೇಕು ಎನ್ನುವುದು ಸರಿಯೇ. ಆದರೆ ಆ ವಿಷಯದ ಮೇಲೆ ಮಾತನಾಡಲು ನನಗಿಂತ ಬಲ್ಲವರು ಈ ಸಭೆಯಲ್ಲೇ ನಾಲ್ಕಾರು ಜನ ಇದ್ದಾರೆ. ಹಾಗಾಗಿ ವಿಷಯ ಬದಲಿಸಲು ಅನುಮತಿ ಕೇಳಿದೆ; ಅವರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ನಾನು ಇಂದು ಮಾತನಾಡುವುದು ಕುತ್ತಿಗೆಯ ಬಗ್ಗೆ, ಮತ್ತು ಕುತ್ತಿಗೆಗೆ ಹಾಕುವ ಪಟ್ಟಿಯ ಬಗ್ಗೆ. ನಮ್ಮ ಕಡೆ ಕಾಲರ್ ಅನ್ನುತ್ತಾರೆ, ಬೆಲ್ಟ್ ಅಂತಲೂ ಅನ್ನುತ್ತಾರೆ.

ನಾನು ವೈದ್ಯನಲ್ಲ, ಬಿ.ಇ. ಓದಿದವನು. ಔಷಧಿ ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಆದರೆ ನನಗೆ ತೀರ ಹತ್ತಿರದ ಇಬ್ಬರು ಕುತ್ತಿಗೆ ಪಟ್ಟಿ ಹಾಕಿಕೊಂಡರು. ಒಬ್ಬರಿಗೆ ಅದು ಜೀವ ಕೊಟ್ಟಿತು. ಇನ್ನೊಬ್ಬರಿಗೆ ಒಳಗಿನ ಕಾಯಿಲೆಯನ್ನು ಒಂದು ವರ್ಷ ಮರೆಮಾಡಿತು. ಹೆಸರು ಒಂದೇ ಆದ ಎರಡು ಪಟ್ಟಿಗಳ ಕೆಲಸ ಇಷ್ಟು ಬೇರೆ ಬೇರೆ ಏಕೆ ಎಂದು ಆ ದಿನಗಳಲ್ಲಿ ನಾನು ಸಾಕಷ್ಟು ಓದಿದೆ, ವೈದ್ಯರನ್ನು ಕೇಳಿದೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ಅಡಿಕೆ ಮರ ಹತ್ತುವ, ತಲೆಯ ಮೇಲೆ ಹೊರೆ ಹೊರುವ, ಬೈಕಿನಲ್ಲಿ ಘಾಟಿ ಇಳಿಯುವ ಊರು ನಮ್ಮದು. ಈ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆ ನನ್ನದು.

ಮೊದಲು ಕುತ್ತಿಗೆಯ ರಚನೆ ನೋಡೋಣ. ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲೆ ಅಸ್ಥಿಪಂಜರದ ಒಂದು ಚಾರ್ಟ್ ಇತ್ತು. ನನ್ನ ಓರಗೆಯವರಿಗೆ ನೆನಪಿರಬಹುದು. ಅದರಲ್ಲಿ ತಲೆಬುರುಡೆಯ ಕೆಳಗೆ ಸಣ್ಣ ಸಣ್ಣ ಮೂಳೆಮಣಿಗಳು ಒಂದರ ಮೇಲೊಂದು ಕೂತಿದ್ದವು. ಕುತ್ತಿಗೆಯಲ್ಲಿ ಇರುವುದು ಅಂತಹ ಏಳು ಮಣಿಗಳು. ಮಕ್ಕಳೇ, ಜಿರಾಫೆಯ ಕುತ್ತಿಗೆಯಲ್ಲೂ ಏಳೇ! ಅದರ ಒಂದೊಂದು ಮಣಿ ಉದ್ದ, ಅಷ್ಟೇ ವ್ಯತ್ಯಾಸ. ಈ ಏಳು ಮಣಿಗಳು ಹೊತ್ತಿರುವ ತಲೆಯ ತೂಕ ದೊಡ್ಡವರಲ್ಲಿ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಮೊದಲ ಮಣಿ ಉಂಗುರದ ಹಾಗಿದೆ. ಎರಡನೆಯದರಿಂದ ಹಲ್ಲಿನಂತಹ ಒಂದು ಗೂಟ ಮೇಲೆದ್ದಿದೆ. ಉಂಗುರ ಆ ಗೂಟದ ಸುತ್ತ ತಿರುಗುತ್ತದೆ, ಬೀಸುವ ಕಲ್ಲು ತನ್ನ ಗೂಟದ ಸುತ್ತ ತಿರುಗುವ ಹಾಗೆ. ನಾವು ‘ಇಲ್ಲ’ ಎಂದು ತಲೆಯಾಡಿಸುವಾಗ ಆಗುವ ತಿರುಗುವಿಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನಡೆಯುವುದು ಈ ಒಂದೇ ಜಾಗದಲ್ಲಿ.

ಎರಡನೆಯ ಮಣಿಯಿಂದ ಕೆಳಗೆ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇದೆ. ಮಣಿಗಳ ಹಿಂಬದಿಯ ಕೊಳವೆಯೊಳಗೆ ಬೆನ್ನುಹುರಿ ಇಳಿಯುತ್ತದೆ. ಅದರ ದಪ್ಪ ಕಿರುಬೆರಳಿನಷ್ಟು. ಮಿದುಳಿನಿಂದ ಕೈಕಾಲಿಗೆ ಹೋಗುವ ಅಪ್ಪಣೆ, ಕೈಕಾಲಿನಿಂದ ಮಿದುಳಿಗೆ ಬರುವ ಸುದ್ದಿ ಎಲ್ಲವೂ ಇದರಲ್ಲೇ ಹೋಗಬೇಕು. ಉಸಿರಾಟಕ್ಕೆ ಮುಖ್ಯವಾದ ವಪೆಯನ್ನು ನಡೆಸುವ ನರ ಹೊರಡುವುದು ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಬೇರುಗಳಿಂದ. ಅದಕ್ಕೆ ಮೇಲ್ಗಡೆ ಬೆನ್ನುಹುರಿ ತುಂಡಾದರೆ ಉಸಿರೇ ನಿಲ್ಲಬಹುದು. ಕೆಳಗೆ ಪೆಟ್ಟಾದರೆ ಉಸಿರು ಉಳಿದು ಕೈಕಾಲು ಹೋಗಬಹುದು. ಬೆನ್ನುಹುರಿ ಒಮ್ಮೆ ಪೂರ್ತಿ ಹರಿದರೆ ಚರ್ಮ ಕೂಡಿಕೊಂಡ ಹಾಗೆ ಅದು ಕೂಡಿಕೊಳ್ಳುವುದಿಲ್ಲ.

ಕುತ್ತಿಗೆ ಮುರಿದವರ ವಿಷಯ ಇಂದು ನಿನ್ನೆಯದಲ್ಲ. ಈಜಿಪ್ಟಿನಲ್ಲಿ ದೊರೆತ, ಕ್ರಿಸ್ತಪೂರ್ವ 1600ರ ಸುಮಾರಿನ ಒಂದು ವೈದ್ಯಕೀಯ ಬರಹವಿದೆ. ಎಡ್ವಿನ್ ಸ್ಮಿತ್ ಪಪೈರಸ್ ಎಂದು ಅದರ ಹೆಸರು. ಕುತ್ತಿಗೆಯ ಮಣಿ ಜಾರಿ ಕೈಕಾಲಿನ ಸ್ವಾಧೀನ ಕಳೆದುಕೊಂಡವನ ಲಕ್ಷಣಗಳನ್ನು ಅದರಲ್ಲಿ ಸ್ಪಷ್ಟವಾಗಿ ಬರೆದು, ಇದು ಚಿಕಿತ್ಸೆ ಮಾಡಲಾಗದ ಕಾಯಿಲೆ ಎಂದು ಕೈಬಿಟ್ಟಿದ್ದಾರೆ. ಇಂದು ಹಾಗೆ ಕೈಬಿಡಬೇಕಾಗಿಲ್ಲ. ಮೂಳೆ ಮುರಿದಿದ್ದರೂ ಬೆನ್ನುಹುರಿ ಉಳಿದಿದ್ದರೆ, ಅದನ್ನು ಹಾಗೆಯೇ ಉಳಿಸಿ ಮೂಳೆ ಕೂಡುವ ತನಕ ಕಾಯುವ ಸಾಧನಗಳು ಬಂದಿವೆ. ಅಲ್ಲೇ ಕುತ್ತಿಗೆ ಪಟ್ಟಿಯ ನಿಜವಾದ ಕೆಲಸ ಇರುವುದು.

ಈಗ ನನ್ನ ಗೆಳೆಯನ ಕಥೆ ಹೇಳುತ್ತೇನೆ. ಅವನು ನನ್ನ ಸಹಪಾಠಿ. ಹೆಸರು ಹೇಳಬೇಡ ಎಂದಿದ್ದಾನೆ, ಹೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಘಾಟಿಯ ತಿರುವಿನಲ್ಲಿ ಬೈಕ್ ಜಾರಿ ಬಿದ್ದ. ತಲೆಗೆ ಹೆಲ್ಮೆಟ್ ಇತ್ತು, ಎಚ್ಚರ ಇತ್ತು, ಕುತ್ತಿಗೆ ನೋವು ಎನ್ನುತ್ತಿದ್ದ. ಹಿಂದಿನಿಂದ ಬಂದವರು ಸೇರಿಕೊಂಡರು. ಒಬ್ಬರು ಕೈ ಹಿಡಿದು ಎಬ್ಬಿಸಿ ಕೂರಿಸಲು ಹೋದರು, ಇನ್ನೊಬ್ಬರು ನೀರಿನ ಬಾಟಲಿ ತೆಗೆದರು. ಅಷ್ಟರಲ್ಲಿ ಹಾಲಿನ ಟೆಂಪೊ ನಿಲ್ಲಿಸಿ ಇಳಿದ ಚಾಲಕರೊಬ್ಬರು ಜೋರಾಗಿ ಕೂಗಿ ಎಲ್ಲರನ್ನೂ ತಡೆದರು. ತಾವೇ ಅವನ ತಲೆಯ ಹತ್ತಿರ ಮಂಡಿಯೂರಿ ಕೂತು, ಎರಡೂ ಕೈಯಿಂದ ತಲೆಯನ್ನು ಅಲುಗದ ಹಾಗೆ ಹಿಡಿದುಕೊಂಡರು. 108 ಬರುವ ತನಕ, ಹೆಚ್ಚುಕಡಿಮೆ ಮುಕ್ಕಾಲು ಗಂಟೆ, ಮಳೆಯಲ್ಲಿ ಹಾಗೆಯೇ ಕೂತಿದ್ದರಂತೆ.

ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ನಾನು ಆಗ ಹೇಳಿದ ಎರಡನೆಯ ಮಣಿಯ ಗೂಟವೇ ಮುರಿದಿತ್ತು. ಬೆನ್ನುಹುರಿಗೆ ಏನೂ ಆಗಿರಲಿಲ್ಲ. ಎಬ್ಬಿಸಿ ಕೂರಿಸದೆ ತಂದದ್ದು ಬಹಳ ಒಳ್ಳೆಯದಾಯಿತು ಎಂದು ವೈದ್ಯರು ಹೇಳಿದರು. ಆ ಚಾಲಕರ ಹೆಸರು ಇವತ್ತಿಗೂ ನಮಗೆ ಗೊತ್ತಿಲ್ಲ.

ಅವನಿಗೆ ಹಾಕಿದ್ದು ‘ಹೇಲೊ’ ಎಂಬ ಸಾಧನ. ದೇವರ ಪಟದಲ್ಲಿ ತಲೆಯ ಸುತ್ತ ಪ್ರಭಾವಳಿ ಇರುತ್ತದಲ್ಲ, ಅದೇ ಅದರ ಹೆಸರಿನ ಅರ್ಥ. ತಲೆಯ ಸುತ್ತ ಒಂದು ಬಳೆ. ಅದನ್ನು ಸಾಮಾನ್ಯವಾಗಿ ನಾಲ್ಕು ಪಿನ್ನುಗಳಿಂದ ತಲೆಬುರುಡೆಯ ಹೊರಪದರಕ್ಕೆ ಬಿಗಿಯುತ್ತಾರೆ. ಬಳೆಯಿಂದ ನಾಲ್ಕು ಸರಳುಗಳು ಇಳಿದು ಎದೆಗೆ ತೊಡಿಸಿದ ಗಟ್ಟಿ ಅಂಗಿಗೆ ಸೇರುತ್ತವೆ. ತಲೆ ಮತ್ತು ಎದೆ ಒಂದೇ ಚೌಕಟ್ಟಾಗುತ್ತದೆ. ನೋಡಿದವರಿಗೆ ಭಯವಾಗುತ್ತದೆ, ಆದರೆ ರೋಗಿ ಅದನ್ನು ಹಾಕಿಕೊಂಡು ನಡೆಯಬಹುದು, ಊಟ ಮಾಡಬಹುದು. ಇದನ್ನು ಕ್ಯಾಲಿಫೋರ್ನಿಯಾದ ರ‍್ಯಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯ ಜಾಕ್ವೆಲಿನ್ ಪೆರಿ ಮತ್ತು ವರ್ನನ್ ನಿಕಲ್ ಎಂಬ ಇಬ್ಬರು ಶಸ್ತ್ರವೈದ್ಯರು ರೂಪಿಸಿ 1959ರಲ್ಲಿ ವರದಿ ಮಾಡಿದರು. ಆಗ ಅದು ಪೋಲಿಯೊದಿಂದ ಕುತ್ತಿಗೆಯ ಸ್ನಾಯು ಸೋತವರ ಚಿಕಿತ್ಸೆಗಾಗಿ ಬಂದದ್ದು. ಹೆಣ್ಣುಮಕ್ಕಳು ಈ ಹೆಸರು ನೆನಪಿಟ್ಟುಕೊಳ್ಳಿ: ಜಾಕ್ವೆಲಿನ್ ಪೆರಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಫಿಸಿಯೋಥೆರಪಿಸ್ಟ್ ಆಗಿದ್ದವರು, ಆಮೇಲೆ ವೈದ್ಯಕೀಯ ಓದಿ ಮೂಳೆ ಶಸ್ತ್ರವೈದ್ಯೆಯಾದರು.

ಗೆಳೆಯ ಮೂರು ತಿಂಗಳು ಹೇಲೊದಲ್ಲಿದ್ದ, ಆಮೇಲೆ ಕೆಲವು ವಾರ ಗಟ್ಟಿ ಪಟ್ಟಿಯಲ್ಲಿದ್ದ. ನಿನ್ನೆ ಈ ಪೆಂಡಾಲಿನ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಂತವನು ಅವನೇ.

ಹಾಗಾದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಟ್ಟಿ ಏನು ಮಾಡುತ್ತದೆ? ಎಂಜಿನಿಯರ್ ಆದವನಿಗೆ ಅಳತೆ ಬೇಕು. ಆ ಅಳತೆಯನ್ನು 1977ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ ಮಾಡಿದ್ದಾರೆ. ಕುತ್ತಿಗೆ ಸರಿಯಾಗಿಯೇ ಇರುವ ಜನರಿಗೆ ಬೇರೆ ಬೇರೆ ಪಟ್ಟಿ ತೊಡಿಸಿ, ತಲೆ ಎಷ್ಟು ಅಲುಗುತ್ತದೆ ಎಂದು ಎಕ್ಸ್‌ರೇ ಮತ್ತು ಛಾಯಾಚಿತ್ರಗಳಿಂದ ಅಳೆದರು. ಸ್ಪಂಜಿನ ಮೆತ್ತನೆಯ ಪಟ್ಟಿ ಹಿಂದೆ ಮುಂದೆ ಬಾಗುವುದನ್ನು ತಡೆದದ್ದು ಸುಮಾರು ಕಾಲುಭಾಗ ಮಾತ್ರ. ಗದ್ದಕ್ಕೂ ತಲೆಯ ಹಿಂಭಾಗಕ್ಕೂ ಆಸರೆ ಕೊಡುವ, ಎರಡು ತುಂಡಿನ ಗಟ್ಟಿ ಪಟ್ಟಿ ಒಂದಿದೆ. ಫಿಲಡೆಲ್ಫಿಯಾ ಕಾಲರ್ ಎನ್ನುತ್ತಾರೆ. ಅದು ತಡೆದದ್ದು ಸುಮಾರು 70 ಭಾಗ. ಆದರೆ ತಲೆಯನ್ನು ಪಕ್ಕಕ್ಕೆ ವಾಲಿಸುವುದನ್ನು ಅದೂ ಮೂರನೆಯ ಒಂದು ಭಾಗ ಮಾತ್ರ ತಡೆಯಿತು. ಹೇಲೊ ಎಲ್ಲ ದಿಕ್ಕಿನಲ್ಲೂ 95 ಭಾಗಕ್ಕಿಂತ ಹೆಚ್ಚು ತಡೆಯಿತು.

ಇದರ ಅರ್ಥ, ಮೆತ್ತನೆಯ ಪಟ್ಟಿ ಮೂಳೆಯನ್ನು ಹಿಡಿದಿಡುವ ಸಾಧನವಲ್ಲ. ಅದು ಸ್ವಲ್ಪ ಬಿಸುಪು ಕೊಡುತ್ತದೆ, ಸ್ವಲ್ಪ ಆಸರೆ ಕೊಡುತ್ತದೆ, ಮುಖ್ಯವಾಗಿ ‘ತಲೆ ಜೋರಾಗಿ ತಿರುಗಿಸಬೇಡ’ ಎಂದು ನೆನಪು ಮಾಡುತ್ತದೆ. ಮರದಿಂದ ಬಿದ್ದವನ ಕುತ್ತಿಗೆಗೆ ಅದನ್ನು ಸುತ್ತಿ ಜೀಪಿನಲ್ಲಿ ಕೂರಿಸಿ ಕರೆದುಕೊಂಡು ಹೋದರೆ, ಪಟ್ಟಿ ಹಾಕಿದ್ದೇವೆ ಎಂಬ ಧೈರ್ಯ ಮಾತ್ರ ನಮಗೆ ಬರುತ್ತದೆ. ತರಬೇತಿ ಇಲ್ಲದ ನಮ್ಮಂಥವರು ಸ್ಥಳದಲ್ಲಿ ಪಟ್ಟಿ ಹಾಕಲು ಹೋಗಬಾರದು ಎಂದೇ 2015ರ ಅಂತರರಾಷ್ಟ್ರೀಯ ಪ್ರಥಮ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ಪಟ್ಟಿ ಹಾಕುವಾಗಲೇ ಕುತ್ತಿಗೆ ಅಲುಗುತ್ತದೆ. ಆ ಕೆಲಸ ತುರ್ತು ವಾಹನದವರಿಗೆ, ಆಸ್ಪತ್ರೆಯವರಿಗೆ ಬಿಟ್ಟದ್ದು.

ಇನ್ನೊಂದು ಕಡೆ, ಸಾಧಾರಣ ಕುತ್ತಿಗೆ ನೋವು. ಇದು ನನ್ನ ವೃತ್ತಿಯವರ ಮನೆದೇವರಾಗಿಬಿಟ್ಟಿದೆ. ಈಗ ಮೊಬೈಲ್ ಕೈಗೆ ಬಂದ ಮೇಲೆ ಎಲ್ಲರ ಮನೆಗೂ ಬಂದಿದೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಒಂದು ಲೆಕ್ಕ ಹಾಕಿದರು. ತಲೆ ನೇರವಾಗಿದ್ದಾಗ ಕುತ್ತಿಗೆಯ ಮೇಲಿನ ಭಾರ ಸುಮಾರು ಐದು ಕಿಲೋ. 60 ಡಿಗ್ರಿ ಮುಂದಕ್ಕೆ ಬಗ್ಗಿಸಿದರೆ ಅದು ಸುಮಾರು 27 ಕಿಲೋಗೆ ಸಮ. ಇದು ಮಾದರಿಯ ಲೆಕ್ಕ, ಮನುಷ್ಯರ ಮೇಲೆ ತೂಗಿ ನೋಡಿದ್ದಲ್ಲ. ಆದರೂ ಅದರ ತತ್ವ ನಮ್ಮ ಏಳನೆಯ ತರಗತಿಯ ಸನ್ನೆಕೋಲಿನದೇ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದಾಗ ಹಗುರ, ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ ನೋಡೋಣ!

ಇಂತಹ ನೋವಿಗೆ ಪಟ್ಟಿ ಬೇಕೇ? ತೀರ ನೋವಿರುವ ಒಂದೆರಡು ದಿನ ಕೆಲವರಿಗೆ ಹಾಯೆನಿಸುತ್ತದೆ. ಆದರೆ ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ. ಕಾಲಿಗೆ ಪ್ಲಾಸ್ಟರ್ ಹಾಕಿ ಬಿಚ್ಚಿದಾಗ ಮೀನಖಂಡ ಹೇಗೆ ಸಣ್ಣಗಾಗಿರುತ್ತದೆ ಎಂದು ನೀವೆಲ್ಲ ನೋಡಿದ್ದೀರಿ. ವಾಹನದ ಡಿಕ್ಕಿಯಲ್ಲಿ ಕುತ್ತಿಗೆ ಜರ್ಕ್ ಹೊಡೆದು ನೋವು ಬರುತ್ತದಲ್ಲ, ಅದರಲ್ಲಿ ಮೂಳೆ ಮುರಿದಿಲ್ಲ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಬೇಗ ಕುತ್ತಿಗೆ ಆಡಿಸಲು ಶುರು ಮಾಡುವುದೇ ಒಳ್ಳೆಯದು ಎಂದು ಕೆನಡಾದ ಕ್ವಿಬೆಕ್‌ನ ತಜ್ಞರ ತಂಡ 1995ರಲ್ಲೇ ಹೇಳಿತು.

ಪಟ್ಟಿ ಪೂರ್ತಿ ನಿರುಪಯೋಗಿ ಎಂದೂ ತಿಳಿಯಬೇಡಿ. ಡಿಸ್ಕ್ ಜಾರಿ ನರಬೇರು ಒತ್ತಿದಾಗ ಕುತ್ತಿಗೆಯಿಂದ ತೋಳಿಗೆ, ಬೆರಳಿಗೆ ಕರೆಂಟ್ ಹೊಡೆದ ಹಾಗೆ ನೋವು ಇಳಿಯುತ್ತದೆ. ಅಂತಹ ನೋವು ಹೊಸದಾಗಿ ಶುರುವಾದ 205 ಜನರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕೆಲವರಿಗೆ ಅರೆಗಟ್ಟಿ ಪಟ್ಟಿ ಮತ್ತು ವಿಶ್ರಾಂತಿ, ಕೆಲವರಿಗೆ ಫಿಸಿಯೋಥೆರಪಿ, ಇನ್ನು ಕೆಲವರಿಗೆ ಎರಡೂ ಇಲ್ಲದೆ ಕಾಯುವುದು. ಮೊದಲ ಆರು ವಾರಗಳಲ್ಲಿ ಪಟ್ಟಿಯವರಿಗೂ ಫಿಸಿಯೋಥೆರಪಿಯವರಿಗೂ ನೋವು ಬೇಗ ಇಳಿಯಿತು. ಆದರೆ ಗಮನಿಸಿ: ಅಲ್ಲಿ ಪಟ್ಟಿಯನ್ನು ಹಗಲು ಹೊತ್ತು ಮೂರು ವಾರ ಹಾಕಿ, ಆಮೇಲಿನ ಮೂರು ವಾರದಲ್ಲಿ ಸ್ವಲ್ಪಸ್ವಲ್ಪವೇ ಬಿಡಿಸಿದರು. ಹಾಕುವ ದಿನವೇ ತೆಗೆಯುವ ದಿನವೂ ಗೊತ್ತಿತ್ತು.

ಮನೆಗೆ ತಾರಸಿ ಹಾಕುವಾಗ ಸೆಂಟ್ರಿಂಗ್ ಕೊಡುತ್ತೇವೆ. ಕಾಂಕ್ರೀಟ್ ಗಟ್ಟಿಯಾಗುವ ಮೊದಲು ತೆಗೆದರೆ ತಾರಸಿ ಕುಸಿಯುತ್ತದೆ. ಗಟ್ಟಿಯಾದ ಮೇಲೂ ತೆಗೆಯದೆ ಬಿಟ್ಟರೆ ಆ ಮನೆಯಲ್ಲಿ ವಾಸ ಮಾಡಲಾಗದು. ಎಷ್ಟು ದಿನ ಎಂಬುದನ್ನು ಕೆಲಸ ಗೊತ್ತಿದ್ದವರು ಹೇಳುತ್ತಾರೆ. ಕುತ್ತಿಗೆ ಪಟ್ಟಿಯೂ ಹಾಗೆಯೇ. ಗೆಳೆಯನ ಹೇಲೊ ಒಂದು ವಾರ ಮೊದಲು ತೆಗೆಯೋಣ ಎಂದು ಯಾರೂ ಅನ್ನಲಿಲ್ಲ, ಅದು ಸರಿ.

ಈಗ ಎರಡನೆಯವರ ವಿಷಯ. ಅವರು ನನ್ನ ತಂದೆ. ಇಲ್ಲೇ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ, ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. ಜೀವನವಿಡೀ ತೋಟದ ಕೆಲಸ ಮಾಡಿದವರು, ಸೊಪ್ಪಿನ ಹೊರೆ, ಅಡಿಕೆ ಗೊನೆ ಹೊತ್ತವರು. ಅರವತ್ತು ದಾಟಿದ ಮೇಲೆ ಕುತ್ತಿಗೆ ಹಿಡಿಯಲು ಶುರುವಾಯಿತು. ಮೆಡಿಕಲ್ ಅಂಗಡಿಯಲ್ಲಿ ಅಳತೆ ಕೇಳಿ ಒಂದು ಪಟ್ಟಿ ಕೊಟ್ಟರು. ಅದು ಹಾಕಿಕೊಂಡರೆ ನೋವು ಕಡಿಮೆ, ತೆಗೆದರೆ ಹೆಚ್ಚು. ಹಾಗಾಗಿ ಹಾಕಿಕೊಂಡೇ ಇದ್ದರು, ಒಂದು ವರ್ಷ. ‘ನೋವಿಗೆ ಪಟ್ಟಿ ಇದೆಯಲ್ಲ’ ಎಂದು ಮನೆಯವರೆಲ್ಲ ನೆಮ್ಮದಿಯಿಂದಿದ್ದರು.

ಆ ವರ್ಷದಲ್ಲಿ ಬೇರೆ ಕೆಲವು ಸಂಗತಿಗಳು ನಡೆಯುತ್ತಿದ್ದವು. ನಡೆಯುವಾಗ ಕಾಲಿನಿಂದ ಹವಾಯಿ ಚಪ್ಪಲಿ ಜಾರಿಹೋಗುತ್ತಿತ್ತು, ಹೋದದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲು ತಡವಾಗುತ್ತಿತ್ತು. ಅಡಿಕೆ ಸುಲಿಯುವಾಗ ಕತ್ತಿಯ ಹಿಡಿತ ತಪ್ಪುತ್ತಿತ್ತು. ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ‘ವಯಸ್ಸಾಯಿತು’ ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಬೆಂಗಳೂರಿಗೆ ಕರೆದುಕೊಂಡು ಬಂದು ಎಂ.ಆರ್.ಐ. ಮಾಡಿಸಿದಾಗ ವಿಷಯ ಗೊತ್ತಾಯಿತು. ಸವೆದ ಡಿಸ್ಕ್, ಬೆಳೆದ ಮೂಳೆ ಎರಡೂ ಸೇರಿ ಬೆನ್ನುಹುರಿಯನ್ನೇ ಒತ್ತುತ್ತಿದ್ದವು. ವೈದ್ಯರು ಅದನ್ನು ಮಯಲೋಪತಿ ಎಂದು ಕರೆದರು.

ನನ್ನ ಭಾಷೆಯಲ್ಲಿ ಹೇಳುವುದಾದರೆ, ಪ್ರೋಗ್ರಾಮಿನಲ್ಲಿ ದೋಷ ಬಂದಾಗ ತಾತ್ಕಾಲಿಕವಾಗಿ ಒಂದು ತೇಪೆ ಹಾಕುತ್ತೇವೆ. ಎಚ್ಚರಿಕೆಯ ಸಂದೇಶ ಬರುವುದು ನಿಲ್ಲುತ್ತದೆ. ಒಳಗೆ ದೋಷ ಕೆಲಸ ಮಾಡುತ್ತಲೇ ಇರುತ್ತದೆ. ಅಪ್ಪನ ಪಟ್ಟಿ ನೋವನ್ನು ನಿಲ್ಲಿಸಿತ್ತು. ಬೆನ್ನುಹುರಿಯ ಮೇಲಿನ ಒತ್ತಡವನ್ನು ತೆಗೆಯುವ ಶಕ್ತಿ ಯಾವ ಪಟ್ಟಿಗೂ ಇಲ್ಲ. ಶಸ್ತ್ರಚಿಕಿತ್ಸೆ ಆಯಿತು. ಕಾಯಿಲೆ ಮುಂದುವರಿಯುವುದು ನಿಂತಿತು, ನಡಿಗೆ ಸುಧಾರಿಸಿತು. ಬೆರಳುಗಳ ಚುರುಕು ಪೂರ್ತಿ ಮರಳಲಿಲ್ಲ. ಈಗ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವವರು ಬೇರೆಯವರು. ಇದನ್ನು ಹೇಳು ಎಂದು ಅಪ್ಪನೇ ನನಗೆ ಹೇಳಿದ್ದು: “ಚಪ್ಪಲಿ ಜಾರಿದರೆ ಕುತ್ತಿಗೆ ತೋರಿಸಬೇಕು ಅಂತ ಯಾರಿಗೆ ಗೊತ್ತಿರುತ್ತದೆ? ಅಷ್ಟು ಹೇಳಿ ಬಾ.”

ಹಾಗಾಗಿ ಇಷ್ಟನ್ನು ನೆನಪಿಡಿ. ಕುತ್ತಿಗೆ ನೋವಿನ ಜೊತೆ, ಅಥವಾ ನೋವೇ ಇಲ್ಲದಿದ್ದರೂ, ಬೆರಳಿನ ಕೆಲಸ ಒರಟಾದರೆ, ಕೈಯಲ್ಲಿ ಬಲ ಕಡಿಮೆಯಾದರೆ, ನಡಿಗೆ ತೂರಾಡಿದರೆ, ಚಪ್ಪಲಿ ತಿಳಿಯದೆ ಕಳಚಿದರೆ, ಮೂತ್ರದ ಹಿಡಿತ ತಪ್ಪಿದರೆ ಪಟ್ಟಿ ಕೊಳ್ಳಲು ಹೋಗಬೇಡಿ, ವೈದ್ಯರ ಹತ್ತಿರ ಹೋಗಿ. ಜ್ವರದ ಜೊತೆ ಕುತ್ತಿಗೆ ಬಿಗಿದರೆ ಅದೇ ದಿನ ಹೋಗಿ, ಅದು ಮಿದುಳುಪೊರೆಯ ಉರಿಯೂತ ಇರಬಹುದು. ತೂಕ ಇಳಿಯುತ್ತಾ ರಾತ್ರಿ ಹೊತ್ತು ನೋವು ಹೆಚ್ಚಾದರೆ ತೋರಿಸಿ. ಕ್ಷಯ ಶ್ವಾಸಕೋಶಕ್ಕೆ ಮಾತ್ರವಲ್ಲ, ಬೆನ್ನುಮೂಳೆಗೂ ಬರುತ್ತದೆ. ಕುತ್ತಿಗೆ ಮತ್ತು ತೋಳಿನ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ಅದು ಹೃದಯದ್ದಿರಬಹುದು, ತಡಮಾಡಬೇಡಿ.

ಕ್ಷೌರದ ನಂತರ ಕುತ್ತಿಗೆಯ ಲಟಿಕೆ ತೆಗೆಸುವ ರೂಢಿ ನಮ್ಮಲ್ಲಿದೆ. ‘ಲಟ್’ ಎಂದರೆ ಹಗುರವಾಯಿತು ಎನಿಸುತ್ತದೆ. ಆದರೆ ಮಿದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಕುತ್ತಿಗೆಯ ಮಣಿಗಳ ಪಕ್ಕದ ರಂಧ್ರಗಳೊಳಗಿಂದಲೇ ಏರಿ ಹೋಗುತ್ತವೆ. ಕುತ್ತಿಗೆಯನ್ನು ಥಟ್ಟನೆ ತಿರುಚಿದಾಗ ಆ ಧಮನಿಯ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅಪರೂಪ ನಿಜ, ಆದರೆ ಅದರಿಂದ ಲಾಭವೇನೂ ಇಲ್ಲ. ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳಿ, ತಿರುಚಿಸಿಕೊಳ್ಳಬೇಡಿ.

ಗಟ್ಟಿ ಪಟ್ಟಿಯನ್ನು ವೈದ್ಯರೇ ಹಾಕಿ ಕಳಿಸಿದ್ದರೆ ಮನೆಯವರ ಕೆಲಸವೂ ಇದೆ. ಗದ್ದ, ಕಿವಿಯ ಹಿಂಭಾಗ, ತಲೆಯ ಹಿಂಭಾಗ, ಹೆಗಲ ಮೂಳೆಗಳ ಮೇಲೆ ಅದು ಒತ್ತಿ ಹುಣ್ಣಾಗಬಹುದು. ವಯಸ್ಸಾದವರಲ್ಲಿ ಇದು ಬೇಗ ಆಗುತ್ತದೆ. ಪಟ್ಟಿ ಬಿಚ್ಚಿ ಚರ್ಮ ಒರೆಸುವುದು ಹೇಗೆ, ಆಗ ತಲೆಯನ್ನು ಯಾರು ಹಿಡಿಯಬೇಕು ಎಂದು ಆಸ್ಪತ್ರೆಯಲ್ಲೇ ಕಲಿತು ಬನ್ನಿ. ನುಂಗಲು ಕಷ್ಟವಾದರೆ ತಕ್ಷಣ ತಿಳಿಸಿ. ಹೇಲೊ ಹಾಕಿದ್ದರೆ ಪಿನ್ನಿನ ಸುತ್ತ ಕೆಂಪಾಗುವುದು, ಕೀವು, ಪಿನ್ನು ಸಡಿಲವಾಗುವುದು ಇವನ್ನು ನೋಡುತ್ತಿರಬೇಕು. ಮತ್ತು ಯಾವುದೇ ಪಟ್ಟಿ ಇರಲಿ, ಬರೆದುಕೊಟ್ಟ ವೈದ್ಯರಿಗೆ ಮೂರು ಪ್ರಶ್ನೆ ಕೇಳಿ: ಇದು ಯಾತಕ್ಕೆ? ದಿನಕ್ಕೆ ಎಷ್ಟು ಹೊತ್ತು? ಯಾವತ್ತು ತೆಗೆಯಬೇಕು? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಪಟ್ಟಿಯನ್ನು ಮನೆಗೆ ತರಬೇಡಿ.

ಕೊನೆಯದಾಗಿ, ಯಾರಾದರೂ ಬಿದ್ದಾಗ ನಾವು ಏನು ಮಾಡಬೇಕು. ಎತ್ತರದ ಮರವೇ ಆಗಬೇಕಿಲ್ಲ. ಕುತ್ತಿಗೆಗೆ ಎಕ್ಸ್‌ರೇ ಬೇಕೇ ಬೇಡವೇ ಎಂದು ನಿರ್ಧರಿಸಲು ವೈದ್ಯರು ಬಳಸುವ, 2001ರಲ್ಲಿ ಕೆನಡಾದಲ್ಲಿ ರೂಪಿಸಿದ ನಿಯಮವೊಂದಿದೆ. ಅದರಲ್ಲಿ ಮೂರು ಅಡಿ ಅಥವಾ ಐದು ಮೆಟ್ಟಿಲಿನಿಂದ ಬಿದ್ದರೂ ಅದು ಅಪಾಯದ ಬೀಳುವಿಕೆಯೇ. ತಲೆ ಕೆಳಗಾಗಿ ನೀರಿಗೆ ಹಾರಿ ತಳಕ್ಕೆ ಬಡಿಸಿಕೊಂಡದ್ದೂ ಅಪಾಯದ ಪಟ್ಟಿಯಲ್ಲಿದೆ. 65 ವರ್ಷ ದಾಟಿದವರು, ಕೈಕಾಲಿನಲ್ಲಿ ಜೋಮು ಎನ್ನುವವರು ಇದ್ದರೆ ಇನ್ನೂ ಎಚ್ಚರ. ಮಕ್ಕಳೇ, ಆಳ ಗೊತ್ತಿಲ್ಲದ ಕೆರೆ, ಹೊಳೆಗೆ ತಲೆ ಮುಂದಾಗಿ ಹಾರಬೇಡಿ. ಹೋದ ವರ್ಷ ಆಳ ಇದ್ದ ಜಾಗದಲ್ಲಿ ಈ ವರ್ಷ ಮರಳು ತುಂಬಿರಬಹುದು.

ಬಿದ್ದವರು ಎಲ್ಲಿದ್ದಾರೋ ಅಲ್ಲೇ ಇರಲಿ. ಬೆಂಕಿ, ನೀರು, ಎದುರಿಗೆ ಬರುವ ವಾಹನ ಇಂತಹ ಅಪಾಯ ಇದ್ದರೆ ಮಾತ್ರ ಸರಿಸಿ. 108ಕ್ಕೆ ಕರೆ ಮಾಡಿ. “ತಲೆ ಅಲ್ಲಾಡಿಸಬೇಡಿ, ಬಾಯಲ್ಲೇ ಉತ್ತರ ಹೇಳಿ” ಎಂದು ಹೇಳಿ. ಇಲ್ಲದಿದ್ದರೆ ಕೇಳಿದ ಪ್ರಶ್ನೆಗೆಲ್ಲ ತಲೆಯಾಡಿಸುತ್ತಾರೆ. ಒಬ್ಬರು ತಲೆಯ ಎರಡೂ ಬದಿಗೆ ಕೈಯಿಟ್ಟು, ತಲೆ ಇದ್ದ ಸ್ಥಿತಿಯಲ್ಲೇ ಹಿಡಿದುಕೊಳ್ಳಿ. ಸೊಟ್ಟಗಿದ್ದರೆ ನೇರ ಮಾಡಲು ಹೋಗಬೇಡಿ. ಕೂರಿಸಬೇಡಿ, ನೀರು ಕುಡಿಸಬೇಡಿ. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ತೆಗೆಯಬೇಡಿ. ವಾಂತಿ ಬಂದರೆ ಮೂರು ನಾಲ್ಕು ಜನ ಸೇರಿ, ತಲೆ ಹಿಡಿದವರ ಮಾತಿನಂತೆ, ತಲೆ ಮತ್ತು ಮೈಯನ್ನು ಒಂದೇ ಮರದ ದಿಮ್ಮಿ ಹೊರಳಿಸಿದ ಹಾಗೆ ಪಕ್ಕಕ್ಕೆ ಹೊರಳಿಸಿ. ಉಸಿರೇ ನಿಂತಿದ್ದರೆ ಮಾತ್ರ ಕುತ್ತಿಗೆಯ ಚಿಂತೆ ಹಿಂದಕ್ಕೆ, ಎದೆ ಒತ್ತುವುದು ಮುಂದಕ್ಕೆ. ವಾಹನ ಬರಲಾಗದ ತೋಟದೊಳಗಿಂದ ಹೊರತರಲೇಬೇಕಾದರೆ ಕೈಕಾಲು ಹಿಡಿದು ತೂಗಾಡಿಸುತ್ತಾ ತರಬೇಡಿ. ಗಟ್ಟಿ ಹಲಗೆ, ಬಾಗಿಲಿನ ಕದ ಏನಾದರೂ ಆದೀತು. ತಲೆಯ ಎರಡೂ ಬದಿಗೆ ಸುತ್ತಿದ ಕಂಬಳಿ ಇಟ್ಟು, ಒಬ್ಬರು ತಲೆ ಹಿಡಿದೇ ಇರಬೇಕು.

ಪೊಲೀಸ್ ಕೇಸಿನ ಹೆದರಿಕೆಯಿಂದ ಹಿಂಜರಿಯುವವರಿಗೆ ಒಂದು ಮಾತು. ಅಪಘಾತದಲ್ಲಿ ಗಾಯಗೊಂಡವರಿಗೆ ಸದುದ್ದೇಶದಿಂದ ಸಹಾಯ ಮಾಡಿದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಡುತ್ತದೆ. ಹೆಸರು ವಿಳಾಸ ಹೇಳಲೇಬೇಕು ಎಂಬ ಬಲವಂತವಿಲ್ಲ.

ಬೀಳದ ಹಾಗೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೊದಲು. ನೆಲದ ಮೇಲೆ ನಿಂತೇ ಔಷಧಿ ಹೊಡೆಯುವ, ಗೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಮಲೆನಾಡಿಗೆ ಬಂದಿದೆ. ದುಬಾರಿ ನಿಜ, ನಾಲ್ಕು ಮನೆಯವರು ಸೇರಿ ಒಂದು ತರಬಹುದು.

ಹತ್ತನೆಯ ತರಗತಿಯ ಮಕ್ಕಳಿಗೆ ಇನ್ನೊಂದು ವಿಷಯ. ಕೃತಕ ಕಾಲು, ಇಂತಹ ಪಟ್ಟಿ, ಆಸರೆಗಳನ್ನು ಅಳತೆ ತೆಗೆದು ಮಾಡಿಕೊಡುವುದೇ ಒಂದು ವೃತ್ತಿ. ಪ್ರಾಸ್ಥೆಟಿಕ್ಸ್ ಅಂಡ್ ಆರ್ಥೋಟಿಕ್ಸ್ ಎಂದು ಅದರ ಪದವಿ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯಲ್ಲಿ ಈ ಶಿಕ್ಷಣವಿದೆ. ವೈದ್ಯಕೀಯವೂ ಇಷ್ಟ, ಕೈಕೆಲಸವೂ ಇಷ್ಟ ಎನ್ನುವವರು ಪಿ.ಯು.ಸಿ. ವಿಜ್ಞಾನ ಓದಿ ಇದರ ಕಡೆ ನೋಡಬಹುದು. ಎಲ್ಲರೂ ನನ್ನ ಹಾಗೆ ಕಂಪ್ಯೂಟರ್ ಮುಂದೆಯೇ ಕೂರಬೇಕೆಂದಿಲ್ಲ.

ಮಾತು ಮುಗಿಸುವ ಮೊದಲು ನಮ್ಮ ಬ್ಯಾಚಿನ ಪರವಾಗಿ ಒಂದು ಸಣ್ಣ ಕಾಣಿಕೆ. ತಲೆಯ ಆಸರೆ ಮತ್ತು ಬೆಲ್ಟುಗಳಿರುವ ಎರಡು ಸ್ಪೈನ್ ಬೋರ್ಡ್‌ಗಳನ್ನು ತಂದಿದ್ದೇವೆ. ಒಂದು ಶಾಲೆಯಲ್ಲಿರಲಿ, ಇನ್ನೊಂದು ಪಂಚಾಯಿತಿ ಕಟ್ಟಡದಲ್ಲಿ, ಬೀಗ ಹಾಕದ ಜಾಗದಲ್ಲಿ ಇರಲಿ. ಹಲಗೆ ಇದ್ದರೆ ಸಾಲದು, ಎತ್ತುವ ಕೈ ಗೊತ್ತಿರಬೇಕು. ಪ್ರತಿ ವರ್ಷ ಅಡಿಕೆ ಕೊಯ್ಲಿಗೆ ಮೊದಲು ಪ್ರಥಮ ಚಿಕಿತ್ಸೆಯ ತರಬೇತುದಾರರನ್ನು ಕರೆಸಿ ಒಂದು ದಿನ ಊರಿನವರಿಗೂ ಒಂಬತ್ತನೆಯ ತರಗತಿಯವರಿಗೂ ಕಲಿಸುವ ಖರ್ಚು ನಮ್ಮದು. ಈ ವರ್ಷದ ತರಬೇತಿ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇದೇ ಅಂಗಳದಲ್ಲಿ. ಕೊನೆಗಾರರು, ಆಟೊ ಮತ್ತು ಜೀಪ್ ಓಡಿಸುವವರು, ಆಶಾ ಕಾರ್ಯಕರ್ತೆಯರು ದಯವಿಟ್ಟು ಬನ್ನಿ.